ಕೆಂಪಂಚಿನ ಸೀರೆ ಉಟ್ಟ ಮಡಕೆ

ನಗೋದಕ್ಕೆ ಅಂತ ನಾನು ಯಾವತ್ತೂ ಟೀವಿ ಹಾಕಿದೋಳಲ್ಲ ಕಣ್ರೀ. ನಮ್ಮ ಹಿತ್ತಲ ಗೋಡೆ ಎದೆಮಟ್ಟಕ್ಕದೆ. ಅದರ ಮೇಲೆ ಮೊಣಕೈ ಊರ್ಕೊಂಡು ನಿಂತ್ರೆ ಸಾಕು, ಪಕ್ಕದ ಮನೇಲಿ ಏನಾದ್ರೂ ಒಂದು ಆಗ್ತಾನೇ ಇರ್ತದೆ. ನಂಜನಗೂಡಲ್ಲಿ ಚಳಿಗಾಲದ ಬೆಳಿಗ್ಗೆ ಹೊಳೆ ಕಡೆಯಿಂದ ಮಂಜೆದ್ದು, ಬೀದಿಯೆಲ್ಲ ಹಾಲಲ್ಲಿ ಅದ್ದಿದಂಗೆ ಇರ್ತದೆ. ಆ ಹೊತ್ತಲ್ಲಿ ನಂಗೆ ಅರ್ಧ ಕನಸು, ಅರ್ಧ ಕಂಡಿದ್ದು. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ನಾನು, ಎರಡನ್ನೂ ಬೇರೆ ಬೇರೆ ಮಾಡಿ ಹೇಳೋಕೆ ಬರಲ್ಲ. ಬೆರೆಸೇ ಹೇಳ್ತೀನಿ.

ಪಕ್ಕದ ಮನೇಲಿ ಮೂರೇ ಜನ. ಅತ್ತೆ, ಮಗ, ಸೊಸೆ. ಮಗ ಫ್ಯಾಕ್ಟರಿಗೆ ಹೋಗ್ತಾನೆ. ಸೊಸೆ ತಿ. ನರಸೀಪುರದೋಳು. ಎರಡು ಹೊಳೆ ಕೂಡೋ ಊರಲ್ಲಿ ಹುಟ್ಟಿದ್ದಕ್ಕೋ ಏನೋ, ಯಾವ್ದನ್ನ ಕಂಡ್ರೂ ಇನ್ನೊಂದರ ಜೊತೆ ಕಲಸೋಣ ಅಂತಾಳೆ. ಅಂಗಡಿ ಪೇಸ್ಟು ಬೇಡ, ಅಂಗಡಿ ಸೋಪು ಬೇಡ, ಫಿನಾಯಿಲಂತೂ ಬೇಡವೇ ಬೇಡ, ಎಲ್ಲಾ ಮನೇಲೇ ಮಾಡ್ತೀನಿ ಅಂತ ಹಠ.

ಹಸು ಮಾರಿದ ಮೇಲೆ ಅವರ ಹಿತ್ತಲ ಕೊಟ್ಟಿಗೆ ಖಾಲಿ ಬಿದ್ದಿತ್ತು. ಗೌರಿ ಹಬ್ಬ ಮುಗಿದ ಮಾರನೇ ದಿನ ಸೊಸೆ ಬಾಯಿ ಬಿಟ್ಳು.

"ಅತ್ತೆಮ್ಮ, ಆ ಕೊಟ್ಟಿಗೆ ನಂಗೆ ಬಿಡಿ. ನಾಕು ಜನ ಹೆಂಗಸ್ರು ಸೇರ್ಕೊಂಡು ಅಲ್ಲೇ ಇವೆಲ್ಲ ಮಾಡ್ತೀವಿ."

ಅತ್ತೆಗೆ ಅದನ್ನ ಒಬ್ಬ ಲಗೇಜ್ ಆಟೋದವನಿಗೆ ಗಾಡಿ ನಿಲ್ಲಿಸೋಕೆ ಕೊಡೋ ಯೋಚನೆ.

"ಸಂಕ್ರಾಂತಿ ಒಳಗೆ ನಾನು ಮೆಚ್ಚೋ ಅಂತದ್ದು ಒಂದ್ ಮಾಡಿ ತೋರ್ಸು, ಕೊಟ್ಗೆ ನಿಂದು. ಇಲ್ದಿದ್ರೆ ಆಟೋ ಒಳಿಕ್ ಬತ್ತದೆ, ನೀನು ಒಲೆ ಮುಂದ್ಕೆ ಓಗು."

ಆಯಮ್ಮ ಮೆಚ್ಚೋದು ಅಂದ್ರೆ ಸುಮ್ನೇನಾ? ಮಗನ ಮದುವೇಲಿ ಹೆಣ್ಣಿನ ಕಡೆಯೋರ ಪಾಯಸ ಮೂರು ಸಲ ಹಾಕಿಸ್ಕೊಂಡು ಕುಡಿದು, "ಏಲಕ್ಕಿ ಕಮ್ಮಿ" ಅಂದೋಳು.

ಹಲ್ಲಿಲ್ಲದ ಫೋಟೋ

ಹಲ್ಲುಪುಡಿಗೆ ಹೆಸರಾದ ಊರು ನಮ್ದು. ಇಲ್ಲಿ ಕೂತ್ಕೊಂಡು ಹಲ್ಲುಪುಡಿ ಮಾಡೋಕೆ ಹೊರಟ್ಳು ಪುಣ್ಯಾತ್ಗಿತ್ತಿ. ಭತ್ತದ ಹೊಟ್ಟು ಕರ್ರಗೆ ಸುಟ್ಟು, ಉಪ್ಪು, ಲವಂಗ ಹಾಕಿ ಕುಟ್ಟಿದ್ಳು. ಮೊದಲು ಉಜ್ಜಿದ್ದು ಗಂಡ. ಬಾಯೆಲ್ಲ ಘಮ್ಮಂತದೆ ಅಂತ ತೇಲಾಡ್ಕೊಂಡು, ಕನ್ನಡಿ ಕೂಡ ನೋಡದೆ ಕೆಲಸಕ್ಕೆ ಹೋದ. ಅವತ್ತೇ ಅಲ್ಲಿ ಹೊಸ ಗುರುತಿನ ಕಾರ್ಡಿಗೆ ಫೋಟೋ ತೆಗೀತಿದ್ರು. "ಸ್ವಲ್ಪ ನಗಪ್ಪಾ" ಅಂದ್ರಂತೆ. ಇವನು ಸ್ವಲ್ಪ ನಗೋ ಜಾತಿಯೋನಲ್ಲ, ಬಾಯಿ ತುಂಬ ನಕ್ಕ.

ಕಾರ್ಡು ಬಂತು. ಬಾಯಿರೋ ಜಾಗದಲ್ಲಿ ಒಂದು ಬಾವಿ.

"ಮಲ್ಲಿಗೆ ಮೊಗ್ಗಿದ್ದಂಗಿದ್ವಲ್ಲೇ ನನ್ ಮಗನ ಅಲ್ಲು! ಒಲೆ ಬಾಯಿ ಮಾಡ್ಬುಟ್ಯಲ್ಲೇ!" ಅಂತ ಅತ್ತೆ ಬಾಯಿ ಬಡ್ಕೊಂಡ್ಳು.

ಹಲ್ಲು ಎರಡು ದಿನಕ್ಕೆ ಬೆಳ್ಳಗಾಯ್ತು, ಕಾರ್ಡು ಆಗ್ಲಿಲ್ಲ. ಈಗ ಅವನು ಗೇಟಲ್ಲಿ ನಕ್ರೆ ಒಳಕ್ಕೆ ಬಿಡಲ್ವಂತೆ. "ಕಾರ್ಡಲ್ಲಿರೋನಿಗೆ ಹಲ್ಲಿಲ್ಲ, ನಿಂಗದೆ. ಯಾರಪ್ಪಾ ನೀನು?" ಅಂತಾರಂತೆ.

ಅಂಬಲಿ ಸೀರೆ

ಅತ್ತೆ ಹತ್ರ ಒಂದು ಸೀರೆ ಇತ್ತು. ಬದನವಾಳಲ್ಲಿ ನೇಯ್ದ ಬಿಳಿ ಹತ್ತಿ ಸೀರೆ, ಕೆಂಪಂಚು. ಅತ್ತೇನ ಒಲಿಸ್ಕೊಳ್ಳೋಣ ಅಂತ ಸೊಸೆ ಅದನ್ನ ಒಗೆದು ಗಂಜಿ ಹಾಕಿದ್ಳು. ಅಂಗಡಿ ಗಂಜಿಪುಡಿ ತರ್ತಾಳಾ ಅವಳು? ರಾತ್ರಿ ಮಿಕ್ಕಿದ್ದ ರಾಗಿ ಅಂಬಲಿ ಸೋಸಿ, ನೀರು ಬೆರೆಸಿ ಅದ್ದಿ ಹಿಂಡಿದ್ಳು. ಮಜ್ಜಿಗೆ, ಉಪ್ಪು, ಎಲ್ಲಾ ಇದ್ದ ಅಂಬಲಿ.

ಮಧ್ಯಾಹ್ನ ಸೀರೆ ತಂತಿ ಮೇಲೆ ತೇಲ್ತಾ ಇತ್ತು. ಗಾಳಿಗೆ ಉಬ್ಬೋದು, ಇಳಿಯೋದು. ನಂಗೂ ಗೋಡೆ ಮೇಲೆ ಜೊಂಪು ಹತ್ತಿತ್ತು. ಕಣ್ಣು ಬಿಟ್ರೆ ಹಿತ್ತಲಲ್ಲಿ ಹಸು ನಿಂತದೆ! ಮಾರಿದ ಹಸು. ಹಿಂದಿನ ಬೀದಿಯೋರಿಗೆ ಕೊಟ್ಟಿದ್ರು. ಹಗ್ಗ ಬಿಚ್ಕೊಂಡು, ತನ್ನ ಕೊಟ್ಟಿಗೆ ನೆನೆಸ್ಕೊಂಡು ಬಂದ್ಬಿಟ್ಟದೆ. ಕನಸೇ ಇರ್ಬೇಕು ಅಂತ ಸುಮ್ನಿದ್ದೆ. ಕನಸಲ್ಲಿ ಹಸು ಸೀರೆ ಸೆರಗು ಬಾಯಿಗೆ ಹಾಕ್ಕೊಂಡು, ಅರೆಗಣ್ಣು ಮುಚ್ಕೊಂಡು, ಆರಾಮಾಗಿ ಅಗೀತಿತ್ತು.

ಅತ್ತೆ ಓಡಿ ಬಂದು ಇನ್ನೊಂದು ತುದಿ ಹಿಡಿದು ಜಗ್ಗಿದಾಗ್ಲೇ ಗೊತ್ತಾಗಿದ್ದು ಕನಸಲ್ಲ ಅಂತ.

"ಬಿಡವ್ವಾ, ನಿನ್ ಕಾಲಿಗ್ ಬೀಳ್ತೀನಿ! ಮಾರಿದ್ದು ನಾನಲ್ಲ, ನನ್ ಮಗ!"

ಹಸು ಪಾಪ, ಯಾರು ಮಾರಿದ್ರು ಅಂತ ವಿಚಾರಿಸೋ ಹೊತ್ತಲ್ಲಿ ಇರ್ಲಿಲ್ಲ. ಸೆರಗು ಪೂರ್ತಿ ಹೋಯ್ತು. ಸೊಸೆ ಮೆಲ್ಲಗೆ ಹೇಳಿದ್ಳು, "ಅತ್ತೆಮ್ಮ, ಗಂಜಿ ಚೆನ್ನಾಗಿ ಹಿಡಿದಿತ್ತು ಅಂತ ಆಯ್ತಲ್ಲ."

ಉಸಿರಾಡೋ ಮಡಕೆ

ದಸರಾ ಕಳೀತಿದ್ದಂಗೆ ಸೊಸೆ ಕೊನೇ ಪ್ರಯತ್ನಕ್ಕಿಳಿದ್ಳು. ಕೊಟ್ಟಿಗೆ ಮೂಲೇಲಿ ದೊಡ್ಡ ಮಡಕೆ ಇಟ್ಟು, ನಿಂಬೆ ಸಿಪ್ಪೆ, ರಸಬಾಳೆ ಸಿಪ್ಪೆ, ಬೆಲ್ಲ, ನೀರು ಹಾಕಿದ್ಳು. ನೆಲ ಒರೆಸೋ ನೀರಂತೆ. ಬಾಯಿ ಕಟ್ಟೋಕೆ ಬಟ್ಟೆ ಬೇಕಲ್ಲ? ಹಸು ಬಿಟ್ಟಿದ್ದ ಸೀರೇನ ಹರಿದು ಕಟ್ಟಿ, ಉಳಿದಿದ್ದನ್ನ ಇರುವೆ ಹತ್ತಬಾರ್ದು ಅಂತ ಸುತ್ತಲೂ ಸುತ್ತಿ, ಮೇಲೊಂದು ಹಿತ್ತಾಳೆ ತಟ್ಟೆ ಮುಚ್ಚಿದ್ಳು.

"ಮೂರು ತಿಂಗಳು ಅಲುಗಾಡಿಸ್ಬಾರ್ದು ಅಕ್ಕಾ. ಸಂಕ್ರಾಂತಿಗೆ ಸರಿಯಾಗಿ ಆಗ್ತದೆ" ಅಂದ್ಳು ನನ್ನ ಹತ್ರ.

ಅತ್ತೆಗೆಲ್ಲಿ ತಾಳ್ಮೆ? ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರೋವಾಗ್ಲೇ, "ಎರಡು ಸಲ ನೋಡಾಯ್ತು, ಸೋಮವಾರ ಆಟೋದವ್ನ ಕರಿತೀನಿ, ಆ ಮಡಕೆ ಎತ್ತಿ ತಿಪ್ಪೆಗಾಕು" ಅಂದ್ಬಿಟ್ಳು. ಸೊಸೆ ಗೋಡೆ ಹತ್ರ ಬಂದು ನಿಂತ್ಳು. ಕಣ್ಣಲ್ಲಿ ಎರಡು ಹೊಳೆ.

ಶನಿವಾರ ಬೆಳಗಾಗೋ ಹೊತ್ತು. ಮಂಜು ಕೊಟ್ಟಿಗೆ ಒಳಗೂ ಹೊಕ್ಕಿತ್ತು. ನಾನಿನ್ನೂ ಮುಖ ತೊಳೆದಿಲ್ಲ. ಗೋಡೆಯಿಂದ ನೋಡಿದ್ರೆ ಬಿಳಿ ಸೀರೆ, ಕೆಂಪಂಚು ಉಟ್ಕೊಂಡು ಯಾರೋ ಕೂತಂಗದೆ. ಬಾಳೆಹಣ್ಣು, ಬೆಲ್ಲದ ವಾಸನೆ ತೇಲಿ ಬಂತು, ಥೇಟು ಪ್ರಸಾದ. "ಬುಸ್ಸ್" ಅಂತ ಒಂದು ಉಸಿರು. ಆಮೇಲೆ ತಟ್ಟೆ "ಟಣ್" ಅಂತು. ನನ್ನ ಕೈ ತಾವಾಗೇ ಮುಗಿದ್ವು ಕಣ್ರೀ. ಒಳಗಿಂದ ಅರಿಶಿನ ಕುಂಕುಮ ತಂದು, ಗೋಡೆ ದಾಟಿ ಹಚ್ಚಿ, ಒಂದು ಸೇವಂತಿಗೆ ಇಟ್ಟು ಬಂದೆ.

ಬಿಸಿಲು ಬಂದಾಗ ನೋಡ್ತೀನಿ, ನೆಲ ಒರೆಸೋ ನೀರಿನ ಮಡಕೆ! ಹುಳಿ ಬಂದ ನೀರಿನ ಗಾಳಿ ಆಗಾಗ ತಟ್ಟೆ ಎತ್ತಿ ಬಿಡ್ತಿತ್ತು. ನಂಗೆ ನಾಚಿಕೆಯಾಯ್ತು. ಹೂ ತೆಗೆಯೋಣ ಅಂತ ಹೊರಟೆ. ಸೊಸೆ ಮುಖ ನೆನಪಾಯ್ತು. ತೆಗೀಲಿಲ್ಲ. ಅಷ್ಟೇ ಅಲ್ಲ, ನಲ್ಲಿ ಹತ್ರ ಹೋಗಿ ಒಬ್ಬಳ ಕಿವೀಲಿ, "ಕೊಟ್ಟಿಗೇಲಿ ತಾಯಿ ಬಂದು ಕೂತವ್ಳೆ, ಯಾರ್ಗೂ ಹೇಳ್ಬೇಡ" ಅಂತ ಹೇಳಿ ಬಂದೆ.

ಮಧ್ಯಾಹ್ನದೊಳಗೆ ಬೀದಿಯೆಲ್ಲ ಹಣ್ಣುಕಾಯಿ ಹಿಡ್ಕೊಂಡು ಬಂತು. ಅತ್ತೆ ಮಾತ್ರ, ಸೋಮವಾರ ಎಲ್ಲಾ ತಿಪ್ಪೆಗೇ ಅಲ್ವಾ ಅಂತ ಆ ಕಡೆ ತಲೆ ಹಾಕ್ಲಿಲ್ಲ.

ಸೋಮವಾರ ಆಟೋದವನು ಬಂದ. ಅವನು ಕೊಟ್ಟಿಗೆಗೆ ಕಾಲಿಡೋದಕ್ಕೂ ತಟ್ಟೆ "ಟಣ್" ಅನ್ನೋದಕ್ಕೂ ಸರಿ ಹೋಯ್ತು. ಚಪ್ಪಲಿ ಹೊರಗೆ ಬಿಟ್ಟು ಅಡ್ಡ ಬಿದ್ದ.

"ಅವ್ವಾ, ತಾಯಿ ಕೂತಿರೋ ಜಾಗ್ದಲ್ಲಿ ಗಾಡಿ ನಿಲ್ಲಿಸ್ಲಾ? ನಂಗೂ ಎಂಡ್ತಿ ಮಕ್ಳವ್ರೆ" ಅಂದವನೇ ಓಡಿದ.

ಅತ್ತೆ ಮಡಕೆ ಹತ್ರ ಹೋಗಿ ಬಗ್ಗಿ ನೋಡಿದ್ಳು. ತನ್ನ ಸೀರೆ ಅಂಚು ತನಗೆ ಗೊತ್ತಾಗಲ್ವಾ? ಬಾಯಿ ತೆಗೆದ್ಳು. ಅಷ್ಟ್ರಲ್ಲಿ ಹಣ್ಣುಕಾಯಿ ತಂದಿದ್ದ ಒಬ್ಬಳು ಹಿಂದಿಂದ, "ನಿಮ್ಮನೇನೇ ಹುಡಿಕ್ಕೊಂಡು ಬಂದವ್ಳಲ್ಲವ್ವಾ, ಎಷ್ಟು ಪುಣ್ಯ ಮಾಡಿದ್ರಿ!" ಅಂದ್ಳು. ತೆಗೆದ ಬಾಯಿ ಹಂಗೇ ನಗುವಾಯ್ತು. ಆ ಮುಖದಲ್ಲಿ ನಾನು ನಗು ನೋಡಿದ್ದು ಅದೇ ಮೊದಲು.

ಸಂಕ್ರಾಂತಿ ನೆಲ

ಹಬ್ಬದ ಬೆಳಿಗ್ಗೆ ಎಳ್ಳುಬೆಲ್ಲ ಬೀರೋಕೆ ಅಂತ ಬೀದಿ ಹೆಂಗಸ್ರು ಒಟ್ಟಿಗೇ ಅವರ ಮನೆಗೆ ನುಗ್ಗಿದ್ವಿ. ಮಡಕೆ ಬಾಯಿ ಆಗ್ಲೇ ಬಿಚ್ಚಾಗಿತ್ತು. ಸೊಸೆ ಸೀರೆ ಎತ್ತಿ ಕಟ್ಟಿ, ಅದರ ನೀರು ಬಕೆಟ್ಟಿಗೆ ಬೆರೆಸ್ಕೊಂಡು ನೆಲ ಒರೆಸ್ತಾವ್ಳೆ! ಮಾಸಿ ಬೂದಿ ಬಣ್ಣವಾಗಿದ್ದ ಕೆಂಪು ಗಾರೆ ನೆಲ ಕನ್ನಡಿ ಆಗೋಗದೆ. ಅದರೊಳಗೆ ತೊಲೆ, ಬಾಗಿಲು, ನಾವೆಲ್ಲ ತಲೆಕೆಳಗಾಗಿ ತೇಲ್ತಿದೀವಿ.

"ಅಯ್ಯಯ್ಯೋ! ತಾಯಿ ತೀರ್ಥದಲ್ಲಿ ನೆಲ ಒರೆಸ್ತಾರಾ?" ಒಬ್ಬಳು ಕಿರುಚಿದ್ಳು. ಎಳ್ಳು ತಟ್ಟೆಗಳೆಲ್ಲ ಗಾಳೀಲೇ ನಿಂತ್ವು. ಸೊಸೆ ಕೈಲಿದ್ದ ಬಟ್ಟೆ ಜಾರಿ ಬಿತ್ತು. ನಾನು ಕಂಬದ ಹಿಂದೆ ಸರ್ಕೊಂಡೆ. ನಿಜ ಹೇಳಿದ್ರೆ ಅತ್ತೆ ಮರ್ಯಾದೆ ಹೋಯ್ತದೆ, ಹೇಳ್ದಿದ್ರೆ ಸೊಸೆ ಪಾಪಿ ಆಗ್ತಾಳೆ.

ಅತ್ತೆ ನೆಲ ನೋಡಿದ್ಳು. ಕಾಲ್ಬೆರಳಲ್ಲಿ ಒಂದು ಸಲ ಉಜ್ಜಿ ನೋಡಿದ್ಳು. ಸೊಸೆ ಮುಖ ನೋಡಿದ್ಳು. ಸೊಂಟಕ್ಕೆ ಕೈ ಇಟ್ಕೊಂಡು ಹೇಳಿದ್ಳು:

"ಏನಾಯ್ತೀಗ? ನಮ್ಮನೆ ದೇವ್ರು ಮೈ ಬಗ್ಸಿ ದುಡಿಯೋ ದೇವ್ರು ಕಣ್ರವ್ವ. ಕೂತ್ಕೊಂಡು ತಿನ್ನೋರು ನಮ್ಮನೇಲಿ ಯಾರೂ ಇಲ್ಲ. ಬೇಕಾದ್ರೆ ನೀವೂ ಬಾಟ್ಲಿ ತನ್ನಿ."

ಮಧ್ಯಾಹ್ನಕ್ಕೆ ಮಡಕೆ ತಳ ಕಂಡಿತ್ತು. ಈಗ ಕೊಟ್ಟಿಗೇಲಿ ಏಳು ಮಡಕೆ ಅವೆ, ನಾಕು ಜನ ಹೆಂಗಸ್ರು ಕೆಲಸ ಮಾಡ್ತಾರೆ. ಅತ್ತೇನೇ ಬಾಗಿಲಲ್ಲಿ ಕೂತು ಸಿಪ್ಪೆ ಆರಿಸ್ತಾಳೆ. ಹಸು ಆಗಾಗ ಬಂದು ಹಾಕಿದ ಸಿಪ್ಪೆ ತಿನ್ಕೊಂಡು ಹೋಗ್ತದೆ.

ನಾನೂ ಒಂದು ಬಾಟ್ಲಿ ತಂದಿದೀನಿ. ಅದೇನು ನೀರು, ಏನೇನು ಹಾಕವ್ರೆ, ನಂಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆದ್ರೂ ಬೆಳಗಿನ ಮಂಜಲ್ಲಿ ಕಕ್ಕಸಿಗೆ ಸುರಿಯೋವಾಗ ಮಾತ್ರ, ಚಪ್ಪಲಿ ಹೊರಗೆ ಬಿಟ್ಟು ಸುರೀತೀನಿ.