ಇಲಿ ಒಲ್ಲದ ಹೆಬ್ಬಾವು

ಯಶವಂತಪುರದ ಯಾರ್ಡಿನಲ್ಲಿ ಅಕ್ಕಿ, ಬೇಳೆ ಮಂಡಿ ಇಟ್ಟು ನಲವತ್ತು ವರ್ಷವಾಯಿತು. ನಾನು ಆರ್ಡರ್ ಕೊಡದಿದ್ದರೂ ವಾರಕ್ಕೊಂದು ಫಜೀತಿ ಮೂಟೆಗಳ ಜೊತೆ ಲಾರಿಯಿಂದ ಇಳಿಯುತ್ತಲೇ ಇರುತ್ತದೆ. ಈ ಸಲದ್ದು ಮಾತ್ರ ಮಂಡಿಗೆ ಬರದೆ ನೇರವಾಗಿ ಅಟ್ಟೂರಿನ ನಮ್ಮ ಮನೆಗೇ ಬಂದು ಇಳಿಯಿತು.

ಸಿಂಬೆ

ಒಂದು ಸಂಜೆ ಮಗಳು ಗಾಜಿನ ಪೆಟ್ಟಿಗೆ ಹೊತ್ತು ಬಂದಳು. ನಮ್ಮ ಹಮಾಲರು ಮೂಟೆ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆ ಇರುತ್ತದಲ್ಲ, ಅಂಥದ್ದೇ ಒಂದು ಅದರೊಳಗೆ ಸುತ್ತಿಕೊಂಡು ಕೂತಿತ್ತು. ನೋಡಿದರೆ ಸಿಂಬೆಗೆ ಕಣ್ಣಿದೆ.

"ಬಾಲ್ ಪೈಥಾನ್ ಅಪ್ಪಾ. ಆಫ್ರಿಕಾದ ಸಣ್ಣ ಹೆಬ್ಬಾವು. ವಿಷ ಇಲ್ಲ, ಸರ್ಕಾರಿ ಕಾಗದ ಎಲ್ಲಾ ಸರಿಯಾಗಿದೆ. ನಾನು ಟ್ರೈನಿಂಗಿಗೆ ಒಂದು ತಿಂಗಳು ಹುಬ್ಬಳ್ಳಿಗೆ ಹೋಗ್ಬೇಕು. ನೀನೇ ನೋಡ್ಕೋ."

ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ಆಕೆಯನ್ನು ಕಂಡದ್ದೇ ಹಾವು ತಲೆಯನ್ನು ಒಳಗೆಳೆದುಕೊಂಡು ಚೆಂಡಾಯಿತು.

"ಹೆದರಿದ್ರೆ ಹಿಂಗೇ ಆಗುತ್ತೆ ಅಮ್ಮಾ. ಹೊಸ ಜಾಗ ಅಂತ ಊಟ ಬೇರೆ ಬಿಟ್ಟಿದೆ" ಎಂದಳು ಮಗಳು.

"ನೀನು ವಾಪಸ್ ಬರೋಷ್ಟರಲ್ಲಿ ಇದು ಒಂದೇ ಒಂದ್ಸಲ ಊಟ ಮಾಡ್ಲಿ, ಇಟ್ಕೊಳ್ಳೋಣ. ಇಲ್ಲಾಂದ್ರೆ ಕೊಟ್ಟೋರಿಗೇ ವಾಪಸ್. ಹಸ್ಕೊಂಡಿರೋ ಹಾವಿನ ಜೊತೆ ನಾನು ಸಂಸಾರ ಮಾಡಲ್ಲ!" ಎಂದಳು ಹೆಂಡತಿ.

ಮಗಳು ನನ್ನ ಮುಖ ನೋಡಿದಳು. ನಾನು "ಆಯ್ತು, ಆ ಜವಾಬ್ದಾರಿ ನಂದು" ಎಂದುಬಿಟ್ಟೆ. ನನ್ನ ಮಂಡಿಗೆ ಬಂದ ಗಿರಾಕಿ ಬರಿಗೈಯಲ್ಲಿ ಹೋದದ್ದಿಲ್ಲ, ಇದ್ಯಾವ ಮಹಾ ಗಿರಾಕಿ?

ಹೆಂಡತಿ ಅಡುಗೆಮನೆಗೆ ಹೋದ ಮೇಲೆ ಹಾವು ನಿಧಾನವಾಗಿ ತಲೆ ಎತ್ತಿತು. ನಾನೂ ಎತ್ತಿದೆ.

ನಾಲ್ಕಕ್ಕೆ ಒಂದು

ಬೋನು, ಅಂಟಿನ ಹಲಗೆ, ಬೆಕ್ಕು ಅಂತ ನಲವತ್ತು ವರ್ಷ ಇಲಿಯ ಮೇಲೆ ಯುದ್ಧ ಮಾಡಿದವನು ನಾನು. ಅಂಥವನು ಆರ್.ಟಿ. ನಗರದ ಸಾಕುಪ್ರಾಣಿ ಅಂಗಡಿಯಲ್ಲಿ ನಿಂತು "ಇಲಿ ಇದೆಯೇನಪ್ಪಾ?" ಎಂದು ಕೇಳಬೇಕಾಯಿತು. ಆತ ಐಸ್‌ನಲ್ಲಿಟ್ಟ ಇಲಿ ತೆಗೆದು ತೋರಿಸಿದ. ರೇಟ್ ಕೇಳಿ ನನಗೇ ಐಸಿಟ್ಟಂತಾಯಿತು.

"ನಮ್ಮ ಗೋಡೌನಿಂದ ನಾಲ್ಕು ಕೊಡ್ತೀನಿ, ನಿಮ್ಮದೊಂದು ಕೊಡಿ" ಎಂದೆ.

"ಬೇಡ ಸಾರ್. ಗೋಡೌನ್ ಇಲಿಗೆ ರೋಗ ಇರುತ್ತೆ, ಪಾಷಾಣ ತಿಂದಿರುತ್ತೆ. ಹಾವು ಸತ್ತೋಗುತ್ತೆ."

"ಬಾಸುಮತಿ ತಿಂದು ಬೆಳೆದಿರೋ ಇಲಿ ರೀ!"

"ಹಾಗಾದ್ರೆ ನಿಮ್ಮ ಅಕ್ಕಿ ಎಲ್ಲಿ ಸಿಗುತ್ತೆ ಅಂತ ಹೇಳ್ಬಿಡಿ ಸಾರ್" ಎಂದ ಆತ. "ಆ ಕಡೆ ಹೋಗಲ್ಲ."

ಮೈಸೂರು ಪಾಕ್

ಕೊನೆಗೆ ದುಡ್ಡು ಕೊಟ್ಟೇ ತಂದ ಇಲಿಗಳನ್ನು ಮೂರು ಕವರಿನಲ್ಲಿ ಸುತ್ತಿ, ಸ್ವೀಟ್ ಡಬ್ಬಿಯಲ್ಲಿ ಹಾಕಿ, ಫ್ರೀಜರಿನ ಮೂಲೆಯಲ್ಲಿಟ್ಟೆ. ಹೆಂಡತಿ ಅದಕ್ಕೊಂದು ಗಡಿ ಗುರುತು ಮಾಡಿ, ಈಚೆಗೆ ಬಟಾಣಿ, ಆಚೆಗೆ ಡಬ್ಬಿ ಎಂದು ಕಾನೂನು ಮಾಡಿದಳು.

ಆ ವಾರವೇ ನಾದಿನಿ ಬಂದಳು. ಆಕೆ ನಮ್ಮನೆಗೆ ಬಂದರೆ ಚಪ್ಪಲಿ ಬಿಡುವುದು ಬಾಗಿಲಲ್ಲಾದರೂ ಮೊದಲು ಹೋಗುವುದು ಫ್ರಿಜ್ ಹತ್ತಿರ.

"ಏನ್ ಭಾವಾ, ಮೈಸೂರು ಪಾಕನ್ನ ಯಾರಾದ್ರೂ ಫ್ರೀಜರಲ್ಲಿ ಬಚ್ಚಿಡ್ತಾರಾ?" ಎಂದು ಕೂಗಿದ್ದು ಕೇಳಿಸಿತು. ಆಮೇಲೆ ಕವರ್ ಬಿಚ್ಚುವ ಸದ್ದು. ಆಮೇಲೆ ಕೇಳಿಸಿದ್ದು ಅಟ್ಟೂರಿಗೆಲ್ಲ ಕೇಳಿಸಿತು.

ಆಕೆ ಈಗ ಫೋನಿನಲ್ಲಷ್ಟೇ ಮಾತಾಡುತ್ತಾಳೆ. ಹಾವಿನಿಂದ ಬಂದ ಮೊದಲ ಲಾಭ.

ಸ್ವಾಮಿಗೆ ಹಾಲು

ಇಷ್ಟಾದರೂ ಹಾವು ಮಾತ್ರ ಇಲಿ ಮುಟ್ಟಲಿಲ್ಲ. ವಾರಕ್ಕೊಂದು ಇಲಿ ಕರಗಿಸಿ ಇಟ್ಟೆ, ವಾರಕ್ಕೊಂದು ಎಸೆದೆ. ಸುದ್ದಿ ಪಕ್ಕದ ಮನೆಯ ಅಜ್ಜಿಗೆ ಮುಟ್ಟಿತು. ಆಕೆ ಅಟ್ಟೂರು ಇನ್ನೂ ರಾಗಿ ಹೊಲವಾಗಿದ್ದ ಕಾಲದವಳು. ಅರಿಶಿನ, ಕುಂಕುಮ, ಒಂದು ಬಟ್ಟಲು ಹಾಲು ಹಿಡಿದು ಬಂದಳು.

"ನಾಗಪ್ಪ ತಾನಾಗೇ ಮನೆಗ್ ಬಂದವ್ನೆ, ನೀನು ಇಲಿ ಇಡ್ತೀಯಲ್ಲಪ್ಪಾ!"

"ಅಜ್ಜೀ, ಇದು ಆಫ್ರಿಕಾದ್ದು. ಹಾಲು ಕುಡಿಯಲ್ಲ."

"ಎಲ್ಲಿಯವ್ನಾದ್ರೇನು, ಒಟ್ಟೆ ಒಟ್ಟೇ ತಾನೇ?"

ಬಟ್ಟಲು ಇಟ್ಟಳು, ಕೈ ಮುಗಿದಳು. ಹಾವು ಅತ್ತ ತಿರುಗಿಯೂ ನೋಡಲಿಲ್ಲ. ಅಜ್ಜಿ ಬಟ್ಟಲೆತ್ತಿ ಹಾಲನ್ನು ಮೂಸಿ ನೋಡಿದಳು. ಮುಖ ಕೆಂಪಾಯಿತು.

"ಆಲಿನೋನು ನೀರ್ ಬೆರಸವ್ನೆ! ಸ್ವಾಮಿಗೆ ಗೊತ್ತಾಗ್ಬುಟ್ಟದೆ!"

ಸೀದಾ ಹಾಲಿನವನ ಮನೆಗೆ ಹೋದಳು. ಅಲ್ಲಿ ಏನಾಯಿತೋ ತಿಳಿಯದು, ಅಂದಿನಿಂದ ನಮ್ಮ ಬೀದಿಗೆಲ್ಲ ಗಟ್ಟಿ ಹಾಲು.

ಟವಲ್

ಮಗಳು ಸೋಮವಾರ ಬೆಳಿಗ್ಗೆ ಬರುವವಳು. ಭಾನುವಾರ ಮಧ್ಯಾಹ್ನ ಕೊನೆಯ ಇಲಿಯನ್ನು ಬಿಸಿನೀರಲ್ಲಿ ಅದ್ದಿ, ಮಗಳು ಹೇಳಿಕೊಟ್ಟಂತೆ ಉದ್ದ ಇಕ್ಕಳದಲ್ಲಿ ಹಿಡಿದು ಹಾವಿನ ಮುಂದೆ ಆಡಿಸುತ್ತಿದ್ದೆ. ಎಡಗಡೆ ಹೆಂಡತಿ, ಬಲಗಡೆ ಅಜ್ಜಿ, ತಲೆಯ ಮೇಲೆ ಟ್ಯೂಬ್‌ಲೈಟ್. ಹಾವು ಚೆಂಡಾಗಿತ್ತು. ಹೆಂಡತಿ ವಾಪಸ್ ಕಳಿಸಲೆಂದು ಆಗಲೇ ರಟ್ಟಿನ ಪೆಟ್ಟಿಗೆ ತಂದಿಟ್ಟಿದ್ದಳು.

ಅಷ್ಟರಲ್ಲಿ ಯಾರ್ಡಿನ ನನ್ನ ಹಳೇ ದೋಸ್ತ್, ದಲ್ಲಾಳಿ, ಬಂದ. ಒಂದು ಕ್ಷಣ ನೋಡಿ ತಲೆ ಚಚ್ಚಿಕೊಂಡ.

"ಏನ್ ಗುರು, ವ್ಯಾಪಾರ ಮರೆತ್ಬಿಟ್ಯಾ? ಸಂತೆ ಮಧ್ಯ ಕೂರಿಸ್ಕೊಂಡು ತಗೋ ತಗೋ ಅಂದ್ರೆ ಯಾರು ತಗೋತಾರೆ? ಟವಲ್ ಹಾಕು!"

ಹೌದಲ್ಲ! ನಮ್ಮ ಹಳೇ ಕಾಲದ ವ್ಯಾಪಾರವೆಲ್ಲ ಟವಲ್ ಕೆಳಗೇ. ಕೊಡುವವನು, ಕೊಳ್ಳುವವನು ಇಬ್ಬರೂ ಟವಲ್ ಅಡಿಗೆ ಕೈ ತೂರಿಸಿ ಬೆರಳು ಹಿಡಿಯಬೇಕು. ಎಷ್ಟು ಬೆರಳು ಹಿಡಿದರೆ ಅಷ್ಟು ರೇಟು. ಸುತ್ತ ನೂರು ಜನ ನಿಂತಿದ್ದರೂ ಗೊತ್ತಾಗಬಾರದು. ಅದಕ್ಕೇ ಒಳಗೆ ಏನೇ ಆಗಲಿ, ಮುಖದ ಮೇಲೆ ಒಂದು ಗೆರೆಯೂ ಅಲುಗಬಾರದು.

ದಲ್ಲಾಳಿ ಹೆಗಲ ಟವಲ್ ತೆಗೆದು ಪೆಟ್ಟಿಗೆಯ ಮೇಲೆ ಹೊದಿಸಿದ. ನಾನು ಹಳೇ ಅಭ್ಯಾಸದಂತೆ ಇಕ್ಕಳ ಪಕ್ಕಕ್ಕಿಟ್ಟು, ಇಲಿಯನ್ನು ಬರಿಗೈಯಲ್ಲೇ ಹಿಡಿದು ಟವಲ್ ಅಡಿಗೆ ಕೈ ತೂರಿಸಿದೆ.

ಹಾವು ಹಿಡಿಯಿತು. ಹಿಡಿದದ್ದು ಇಲಿಯನ್ನಲ್ಲ.

ಕಚ್ಚಿದರೆ ಎಳೆಯಬೇಡ, ಅದೇ ಬಿಡುತ್ತೆ ಎಂದು ಮಗಳು ಹೇಳಿದ್ದಳು. ಎಳೆಯಲಿಲ್ಲ. ಕೂಗಲೂ ಇಲ್ಲ. ನಲವತ್ತು ವರ್ಷದ ಕಸುಬು, ಮುಖ ಒಂದಿಷ್ಟೂ ಅಲುಗಲಿಲ್ಲ. ಕಣ್ಣಿನಿಂದ ಮಾತ್ರ ನೀರು ತಾನಾಗಿ ಇಳಿಯಿತು. ಒಳಗೆ ವ್ಯಾಪಾರ ಕುದುರುತ್ತಿದೆ ಎಂದುಕೊಳ್ಳಲು ದಲ್ಲಾಳಿಗೆ ಅಷ್ಟು ಸಾಕಾಯಿತು. ಪಿಸುಗುಟ್ಟಿದ:

"ಎಷ್ಟಕ್ಕೆ ನಿಂತಿದೆ?"

"ಎರಡು" ಎಂದೆ ಹಲ್ಲು ಕಚ್ಚಿಕೊಂಡು.

"ತಿಂಗಳಿಗೆ ಎರಡು ಇಲಿ! ಒಪ್ಕೋ, ಒಪ್ಕೋ, ಒಳ್ಳೇ ರೇಟು!"

ಎರಡು ನಿಮಿಷಕ್ಕೆ ಬೆರಳು ಬಿಟ್ಟಿತು. ಇಲಿಯನ್ನು ಅಲ್ಲೇ ಬಿಟ್ಟು ಕೈ ತೆಗೆದೆ. ಕಾಲು ಗಂಟೆ ಕಾದೆವು. ಆಮೇಲೆ ದಲ್ಲಾಳಿ ಟವಲಿನ ಅಂಚು ಎತ್ತಿದ. ಹಾವಿನ ಬಾಯಿಯಿಂದ ಇಲಿಯ ಬಾಲ ಒಂದಿಂಚು ಇಣುಕುತ್ತಿತ್ತು. ನೋಡುತ್ತಿದ್ದಂತೆ ಅದೂ ಒಳಗೆ ಹೋಯಿತು. ಅಜ್ಜಿ ಕೈ ಮುಗಿದಳು.

ಹೆಂಡತಿ ನನ್ನ ಎರಡು ಬೆರಳಿಗೆ ಸೋಪು ಹಚ್ಚಿ ತೊಳೆದು, ಪಟ್ಟಿ ಕಟ್ಟಿದಳು. ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದಲೇ ಮೂಲೆಗೆ ತಳ್ಳಿದಳು.

"ಇರ್ಲಿ ಬಿಡಿ" ಎಂದಳು. "ಮದುವೆಯಾದಾಗಿಂದ ನಿಮ್ಮನ್ನ ಎರಡು ನಿಮಿಷ ಬಾಯಿ ಮುಚ್ಚಿಸಿರೋದು ಇದೊಂದೇ."