ನೊಣ ಕಟ್ಟುವವನ ಭಾನುವಾರಗಳು

ನೊಣ ಕಟ್ಟುವವನಿಗೆ ಇಂಥ ಪಜೀತಿಗಳು ಆಗುತ್ತಲೇ ಇರುತ್ತವೆ. ನನ್ನ ಕೆಲಸ ನೈರೋಬಿಯ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ. ಭಾನುವಾರ ಮಾತ್ರ ದೂರದ ಗುಡ್ಡದ ಅಣೆಕಟ್ಟಿನ ಕೆಳಗೆ, ಹೊಳೆಯಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕಿ ನಿಲ್ಲುತ್ತೇನೆ. ಗಾಳಕ್ಕೆ ಎರೆಹುಳ ಇಲ್ಲ. ಪುಕ್ಕ, ಕೂದಲು, ದಾರ ಸುತ್ತಿ ನಾನೇ ಕಟ್ಟಿದ ಹುಸಿ ನೊಣ. ನಾನು ಮೀನು ತಿನ್ನುವುದಿಲ್ಲ. ಆದರೆ ಲ್ಯಾವಿಂಗ್ಟನ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯ ಮಂಗಳೂರು ಆಂಟಿಗೆ, ಅಂಕಲ್ ಹುಟ್ಟುಹಬ್ಬಕ್ಕೆ ಒಂದು ಟ್ರೌಟ್ ತರುತ್ತೇನೆಂದು ಮಾತು ಕೊಟ್ಟಿದ್ದೆ. ಅಲ್ಲಿಯವರೆಗೆ ಒಂದೂ ಸಿಕ್ಕಿರಲಿಲ್ಲ.

೧. ಅಮ್ಮ

ಮೈಸೂರಿನಿಂದ ಅಮ್ಮ ಫೋನ್ ಮಾಡಿ ಏನು ಮಾಡುತ್ತಿದ್ದೀಯ ಎಂದರು. ನೊಣ ಕಟ್ಟುತ್ತಿದ್ದೇನೆ ಎಂದೆ. ಅಮ್ಮ ಮೆಲ್ಲಗೆ ಕೇಳಿದರು:

"ಕೆಲಸ ಇಲ್ಲದವರು ನೊಣ ಹೊಡೀತಾರೆ ಅಂತ ಗೊತ್ತು. ಕಟ್ಟೋ ಮಟ್ಟಕ್ಕೆ ಬಂದಿದೆ ಅಂದ್ರೆ, ಕೆಲಸ ಹೋಗಿ ತುಂಬಾ ದಿನ ಆಯ್ತೇನೋ?"

೨. ರೆಕ್ಕೆಯ ಬಣ್ಣ

ಸಂಜೆ ಹೊಳೆಯ ಮೇಲೆ ಒಂದು ಸಣ್ಣ ಹುಳ ಏಳುತ್ತದೆ. ಅದರ ರೆಕ್ಕೆ ಬೂದಿಯೂ ಅಲ್ಲ, ಬೆಳ್ಳಿಯೂ ಅಲ್ಲ. ಮಳೆ ಬಿಟ್ಟ ಮೇಲಿನ ಮೋಡದ ಅಂಚು. ಆ ಬಣ್ಣದ ಕೂದಲು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಒಂದು ದಿನ ಮೀಟಿಂಗಿನಲ್ಲಿ, ಕಿಟಕಿಯ ಬಿಸಿಲು ನಮ್ಮ ಮ್ಯಾನೇಜರ್ ಕಿವಿಯ ಪಕ್ಕದ ಕೂದಲ ಮೇಲೆ ಬಿತ್ತು. ಅದೇ ಬಣ್ಣ. ಅವರು ಮಾತ್ರೆಗಳ ಬಗ್ಗೆ ಹೇಳುತ್ತಿದ್ದರು. ನಾನು ಹೊಳೆಯಲ್ಲಿದ್ದೆ.

"ಏನ್ರೀ, ನನ್ನ ತಲೇಲಿ ಏನಿದೆ?" ಎಂದರು.

"ಒಂದು ಚಿಟಿಕೆ ಕೊಟ್ಟರೆ ಸಾಕು ಸರ್," ಎಂದುಬಿಟ್ಟೆ.

ಮರುದಿನ ಅವರು ತಲೆಗೆ ಕಪ್ಪು ಬಣ್ಣ ಹಚ್ಚಿಕೊಂಡು ಬಂದರು.

೩. ತಣ್ಣೀರು

ಮೀನಿಗೆ ಅಷ್ಟು ದೂರ ಯಾಕೆ ಎಂದು ಆಂಟಿ ಕೇಳಿದರು. ಟ್ರೌಟ್‌ಗೆ ತಣ್ಣನೆಯ ನೀರೇ ಬೇಕು, ಅಣೆಕಟ್ಟಿನ ತಳದಿಂದ ಬಿಡುವ ನೀರು ಬಿಸಿಲಿನಲ್ಲೂ ಕೊರೆಯುತ್ತದೆ, ಕಾಲು ಮರಗಟ್ಟುತ್ತದೆ ಎಂದು ವಿವರಿಸಿದೆ. ಆಂಟಿ ನನ್ನ ಖಾಲಿ ಚೀಲ ನೋಡಿದರು.

"ಪಾಪ, ಅಂಥ ಚಳಿಯಲ್ಲಿ ಅದು ಬಾಯಿ ತೆರೆಯುವುದಾದರೂ ಹೇಗೆ ಮಾರಾಯ?"

೪. ಹುಟ್ಟುಹಬ್ಬ

ಆ ಭಾನುವಾರ ಮಂಜು ನೀರಿನ ಮೇಲೇ ಕೂತಿತ್ತು. ಹೊಳೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ. ನನ್ನ ನೊಣ ತೇಲುತ್ತ ಹೋಗಿ, ಇದ್ದಕ್ಕಿದ್ದಂತೆ ಕಾಣದಾಯಿತು. ದಾರ ಬಿಗಿಯಿತು.

ಟ್ರೌಟ್. ನೀರಿನಲ್ಲೇ ಹಿಡಿದು ಕೊಕ್ಕೆ ಬಿಡಿಸಿದೆ. ಪಕ್ಕೆಯ ತುಂಬ ಚುಕ್ಕಿ, ನಡುವೆ ಗುಲಾಬಿ ಬಣ್ಣದ ಒಂದು ಗೆರೆ. ನೋಡುತ್ತ ನಿಂತೆ. ಎಷ್ಟು ಹೊತ್ತೋ. ಮತ್ತೆ ನೋಡಿದಾಗ ಕೈಯಲ್ಲಿ ಬರೀ ನೀರಿತ್ತು. ದಡದಲ್ಲಿದ್ದ ಅಣೆಕಟ್ಟಿನ ಕಾವಲುಗಾರ, ಮೀನಿನ ಪರವಾಗಿ ನನಗೆ "ಅಸಾಂಟೆ" ಎಂದು ಧನ್ಯವಾದ ಹೇಳಿದ.

ಆಂಟಿ ನೆನಪಾದದ್ದು ಆಮೇಲೆ. ಮಸಾಲೆ ಅರೆದಾಗಿರುತ್ತದೆ, ನೆಂಟರು ಬಂದಿರುತ್ತಾರೆ. ದಾರಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಟ್ರೌಟ್ ಇತ್ತು, ಫ್ರೀಜರಿನಲ್ಲಿ. ಟ್ರಾಫಿಕ್‌ನಲ್ಲಿ ಕರಗುತ್ತದೆ ಎಂದು ಲೆಕ್ಕ ಹಾಕಿ ಕೊಂಡೆ. ನೈರೋಬಿಯ ರಸ್ತೆಗಳು ಅವತ್ತೇ ಖಾಲಿ.

ನೆಂಟರೆಲ್ಲ ಅಡುಗೆಮನೆಯ ಬಾಗಿಲಲ್ಲಿ ನೆರೆದಿದ್ದರು. ನಾನು ಚೀಲ ಕೊಟ್ಟೆ. ಆಂಟಿ ಮೀನನ್ನು ಕಟ್ಟೆಯ ಮೇಲಿಟ್ಟರು. ಟಣ್ ಎಂದಿತು. ಅವರು ಮೀನು ನೋಡಿದರು, ನನ್ನನ್ನು ನೋಡಿದರು, ಬೆರಳ ಗೆಣ್ಣಿನಿಂದ ಇನ್ನೊಮ್ಮೆ ತಟ್ಟಿದರು. ಆಮೇಲೆ ನೆಂಟರ ಕಡೆ ತಿರುಗಿದರು.

"ಹುಡುಗ ಹೇಳಿದ್ದು ಸತ್ಯ. ಆ ಹೊಳೆಯ ನೀರು ಭಾರೀ ತಣ್ಣಗೆ ಉಂಟು."