ದಯವಿಟ್ಟು ಕಾಯಿರಿ, ಪುಸ್ತಕ ನೋಡಿ ಹೇಳುತ್ತೇನೆ

ನಮ್ಮ ದೊಡ್ಡಪ್ಪ ಊರವರ ಜೊತೆ ಬಾಯ್ತುಂಬ ಮಾತಾಡಲು ಶುರು ಮಾಡಿದ್ದು ಅವರ ದನಿ ಹೋದ ಮೇಲೆ! ಸುಳ್ಳು ಅನ್ನಿಸಿದರೆ ವಿಜಯನಗರದ ಅವರ ಕಾಲೇಜಿನಲ್ಲಿ ಆಗ ಓದುತ್ತಿದ್ದ ಯಾರನ್ನಾದರೂ ಕೇಳಿ. ಲೈಬ್ರರಿಯನ್ ಆಗಿ ಇವರು ಅಲ್ಲಿ ಅದುವರೆಗೆ ಆಡಿದ್ದು ಒಂದೇ ಮಾತು, "ಸೈಲೆನ್ಸ್!" ದೇವರು ಅದನ್ನು ಬೇಡಿಕೆ ಅಂದುಕೊಂಡನೋ ಏನೋ. ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು, ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಆಮೇಲೆ ಕುರುಬರಹಳ್ಳಿಯ ಅವರ ಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚಿಬೀಳುವ ಹಾಗಾಯಿತು.

ಮಾತಾಡಲಾಗದವರನ್ನು ಕೌಂಟರಿನಲ್ಲಿ ಕೂರಿಸುವುದು ಹೇಗೆ? ಪ್ರಿನ್ಸಿಪಾಲರು ಅವರ ಮುಂದೆ ಕಂಪ್ಯೂಟರ್ ಒಂದನ್ನು ಇಟ್ಟು, "ಇನ್ಮೇಲೆ ಸ್ಟೂಡೆಂಟ್ಸು ಮೆಸೆಂಜರ್‌ನಲ್ಲೇ ಡೌಟ್ ಕೇಳ್ತಾರೆ ಸಾರ್, ನೀವು ಟೈಪ್ ಮಾಡಿ ಸಾಕು" ಅಂದರು. ಬೀದಿಗೊಂದು ಸೈಬರ್ ಕೆಫೆ ಇದ್ದ ಕಾಲ ಅದು. ಹುಡುಗರಿಗೆ ಹಬ್ಬ!

ದೊಡ್ಡಪ್ಪ ಮೊದಲು ಮಾಡಿದ ಕೆಲಸವೆಂದರೆ ಕಂಪ್ಯೂಟರಿನ ಬಾಯಿ ಮುಚ್ಚಿಸಿದ್ದು. ಮೆಸೇಜ್ ಬಂದಾಗ ಅದು ಟಿಂಗ್ ಎನ್ನುತ್ತಿತ್ತು. ಲೈಬ್ರರಿಯಲ್ಲಿ ಟಿಂಗ್ ಎಂದರೇನು ಅರ್ಥ? ಸದ್ದು ನಿಂತಿತು, ಪ್ರಶ್ನೆ ಬಂದದ್ದು ತಿಳಿಯುವುದೂ ನಿಂತಿತು. ಪಾಪ, ಕಾಫಿಗೂ ಏಳದೆ ಪರದೆಯನ್ನೇ ದಿಟ್ಟಿಸುತ್ತ ಕೂರತೊಡಗಿದರು.

ಇನ್ನು ಉತ್ತರದ ಠೀವಿ! ಇಂಗ್ಲಿಷ್ ಅಕ್ಷರದಲ್ಲಿ ಅಪ್ಪಟ ಕನ್ನಡ: "ಮಾನ್ಯರೇ, ತಮ್ಮ ಪ್ರಶ್ನೆ ತಲುಪಿತು. ದಯವಿಟ್ಟು ಕಾಯಿರಿ, ಪುಸ್ತಕ ನೋಡಿ ಹೇಳುತ್ತೇನೆ." ಗೊತ್ತಿದ್ದದ್ದನ್ನೂ ಪುಸ್ತಕ ತೆರೆಯದೆ ಹೇಳುವವರಲ್ಲ. "ಲೈಬ್ರರಿ ಎಷ್ಟೊತ್ತಿಗೆ ಕ್ಲೋಸ್ ಸಾರ್?" ಎಂದು ಒಬ್ಬ ಕೇಳಿದ. ಇವರು ಏಣಿ ಹತ್ತಿ, ನಿಯಮಾವಳಿ ಇಳಿಸಿ, ಧೂಳು ಕೊಡವಿ, ಪುಟ ಹುಡುಕಿ ಉತ್ತರ ಕಳಿಸುವ ಹೊತ್ತಿಗೆ ಲೈಬ್ರರಿ ಕ್ಲೋಸ್ ಆಗಿತ್ತು!

ಇನ್ನೊಬ್ಬಳು "ಊಟ ಆಯ್ತಾ ಅಂಕಲ್?" ಎಂದದ್ದಕ್ಕೆ, "ಇದು ಪುಸ್ತಕದ ಪ್ರಶ್ನೆಯಲ್ಲ, ಕ್ಷಮಿಸಿ" ಎಂದು ಕಳಿಸಿ ಅವಳ ಬಾಯಿಯನ್ನೂ ಮುಚ್ಚಿಸಿದರು.

ಕಾಲೇಜಿನ ಹುಡುಗರಿಂದ ಕೇಳಿದ ಇದನ್ನೆಲ್ಲ ನಾನು ನಗುತ್ತ ಹೇಳಿದರೆ ದೊಡ್ಡಮ್ಮ ನಗುತ್ತಿರಲಿಲ್ಲ. ಮನೆಯಲ್ಲಿ ದೊಡ್ಡಪ್ಪ ಒಂದಕ್ಷರ ಬರೆಯುತ್ತಿರಲಿಲ್ಲ. ದೊಡ್ಡಮ್ಮ ತಂದಿಟ್ಟ ಸ್ಲೇಟು ಟೀವಿಯ ಹಿಂದೆ ಸೇರಿತ್ತು. ತಟ್ಟೆ ಮುಂದೆ ಕೂತರೆ ತಲೆ ತಗ್ಗಿಸಿ ಉಣ್ಣುವುದು, ಎದ್ದು ಹೋಗುವುದು. ಹೆಂಡತಿಗೂ ಬರೆದು ತೋರಿಸಿದರೆ ದನಿ ಹೋದದ್ದು ಖಾಯಂ ಆಗಿಬಿಡುತ್ತದೆ ಎಂದು ಹೆದರಿದ್ದರೇನೋ.

"ಯಾರ್ಯಾರ್ಗೋ ಮಾನ್ಯರೇ ಅಂತಾರಂತೆ ಕಣೇ," ಅಂದರು ದೊಡ್ಡಮ್ಮ. "ನಂಗೆ ಉಪ್ಪು ಕಮ್ಮಿ ಅಂತ ಬೈಯೋದಕ್ಕೂ ಆಗಲ್ವಾ? ಮೊದ್ಲೆಲ್ಲ ಅದಕ್ಕೇ ಎಷ್ಟು ಜಗಳ ಆಡ್ತಿದ್ರು." ಅವರ ಮುಖ ನೋಡಿ ನನಗೆ ಸಂಕಟವಾಯಿತು. ಮರುದಿನ ಮಧ್ಯಾಹ್ನ ಅವರನ್ನು ಸೈಬರ್ ಕೆಫೆಗೆ ಎಳೆದುಕೊಂಡು ಹೋದೆ.

"ಊಟ ಆಯ್ತಾ ಅಂತ ಕೇಳು."

"ಅದು ಪುಸ್ತಕದ ಪ್ರಶ್ನೆ ಅಲ್ಲ ದೊಡ್ಡಮ್ಮ, ಕ್ಷಮಿಸಿ ಅಂದ್ಬಿಡ್ತಾರೆ!"

ದೊಡ್ಡಮ್ಮ ಸೆರಗಿನ ಅಂಚು ಹೊಸೆಯುತ್ತ ಯೋಚಿಸಿದರು. "ಹಂಗಾದ್ರೆ ಹಿಂಗೆ ಬರಿ. ಗಂಡ ಮನೇಲಿ ಮಾತು ಬಿಟ್ಬಿಟ್ರೆ ಹೆಂಡ್ತಿ ಯಾವ ಪುಸ್ತಕ ನೋಡ್ಬೇಕು?"

ಕಳಿಸಿದೆ. ತಕ್ಷಣ ಉತ್ತರ ಬಂತು: "ಮಾನ್ಯರೇ, ತಮ್ಮ ಪ್ರಶ್ನೆ ತಲುಪಿತು. ದಯವಿಟ್ಟು ಕಾಯಿರಿ, ಪುಸ್ತಕ ನೋಡಿ ಹೇಳುತ್ತೇನೆ." ಓದಿ ಹೇಳಿದೆ.

"ನಂಗೂ ಮಾನ್ಯರೇ ಅಂದ್ರು!" ಎಂದು ದೊಡ್ಡಮ್ಮ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಕಾದೆವು. ಪರದೆ ಹಾಗೇ ಇತ್ತು. ಕೆಫೆಯವನು ಬಂದು, "ಟೈಮ್ ಆಯ್ತು ಆಂಟಿ, ಬೇರೆಯವ್ರು ಕಾಯ್ತಿದಾರೆ" ಅಂದ.

"ನಂಗೂ ಕಾಯಿರಿ ಅಂದಿದಾರಪ್ಪ," ಅಂದರು ದೊಡ್ಡಮ್ಮ. ಅವನು ತಲೆ ಕೆರೆದುಕೊಳ್ಳುತ್ತ ಹೋದ.

ಇನ್ನು ಬರುವುದಿಲ್ಲ ಎಂದು ನಾನು ಏಳುತ್ತಿದ್ದೆ. ಆಗ ಬಂತು: "ಎಲ್ಲ ಕಪಾಟು ನೋಡಿದೆ. ಪುಸ್ತಕ ಇಲ್ಲ."

ದೊಡ್ಡಮ್ಮನ ಮುಖ ಬಾಡಿತು. ಅಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು ಮೂಡಿತು.

"ನಿನ್ನೆ ಸಾರಿಗೆ ಉಪ್ಪು ಕಮ್ಮಿ ಇತ್ತು ಕಣೇ."

ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಇನ್ನೊಂದ್ಸಲ ಓದೇ" ಅಂದರು.  ಕೆಫೆಯವನಿಗೂ ಕೇಳುವಷ್ಟು ಜೋರಾಗಿ ಓದಿದೆ.